ಸೀಸೆಯವರು ಮತ್ತು ಡಬ್ಬದವರು

ರಾಗಿಯ ಬೆಲೆಯನ್ನು ಕುರಿತು ಮಾತನಾಡುವವರು ಎಲ್ಲ ಕಾಲದಲ್ಲಿಯೂ ಉಂಟು. ಆ ರಾಗಿಯ ಹಿಟ್ಟನ್ನು ಬೇಯಿಸುವ ಉರಿಯ ಬೆಲೆಯನ್ನು ಕುರಿತು ಮಾತನಾಡುವವರು ಅದು ಸಿಕ್ಕದೆ ಹೋದಾಗ ಮಾತ್ರ ಹುಟ್ಟಿಕೊಳ್ಳುತ್ತಾರೆ. ಮನೆಯಲ್ಲಿ ಹತ್ತು ಪಲ್ಲ ರಾಗಿ ಇದ್ದರೂ ಒಲೆಗೆ ಸೌದೆ ಇಲ್ಲದಿದ್ದರೆ ಅದು ಹಕ್ಕಿಗೆ ಆಹಾರವೇ ಹೊರತು ಮನುಷ್ಯನಿಗಲ್ಲ. ಉರಿ ಎಂಬುದು ಅಂಥ ಪದಾರ್ಥ. ಇದ್ದಾಗ ಲೆಕ್ಕಕ್ಕೆ ಬಾರದು, ಇಲ್ಲವಾದಾಗ ಉಳಿದೆಲ್ಲ ಲೆಕ್ಕಗಳನ್ನೂ ಕೆಡಿಸುವುದು. ನಮ್ಮ ಕನಕಪುರದ ಸೀಮೆಯಲ್ಲಿ ಇಂಥ ಕೊರತೆ ಹಲವು ಸಲ ಬಂದು ಹೋಗಿದೆ. ಬಂದಾಗಲೆಲ್ಲ ಅದರ ಭಾರ ಯಾರ ತಲೆಯ ಮೇಲೆ ಬಿದ್ದಿತೆಂಬುದನ್ನು ಇಲ್ಲಿ ಕೊಂಚ ವಿಚಾರ ಮಾಡಬೇಕೆಂದಿದ್ದೇನೆ.

ಸೀಮೆಎಣ್ಣೆ ಎಂಬ ಹೆಸರನ್ನೇ ನೋಡಿ. ಅದು ನಮ್ಮ ಗಾಣದಲ್ಲಿ ಅರೆದು ಬಂದದ್ದಲ್ಲ, ಪರಸೀಮೆಯಿಂದ ಬಂದದ್ದು ಎಂಬುದನ್ನು ನಮ್ಮ ಹಿರಿಯರು ಹೆಸರಿನಲ್ಲಿಯೇ ಬರೆದಿಟ್ಟರು. ಅದು ಬರುವುದಕ್ಕೆ ಮೊದಲು ಇಲ್ಲಿ ಹೊಂಗೆಎಣ್ಣೆಯ ಸೊಡರು ಇದ್ದಿತು, ಹರಳೆಣ್ಣೆಯ ಹಣತೆ ಇದ್ದಿತು. ತಗಡಿನ ಡಬ್ಬದಲ್ಲಿ ಬಂದ ಹೊಸ ಎಣ್ಣೆ ಹೆಚ್ಚು ಬೆಳಗಿತು. ಹಳೆಯದನ್ನು ಜನ ಮರೆತರು. ಮರೆತದ್ದು ತಪ್ಪಲ್ಲ, ಆದರೆ ಆ ಹೊತ್ತಿನಿಂದ ಕಾನಕಾನಹಳ್ಳಿಯ ದೀಪಕ್ಕೂ ಸಮುದ್ರದಾಚೆಯ ಬಾವಿಗೂ ಒಂದು ಬತ್ತಿ ಹೊಸೆದಂತಾಯಿತು. (ಕನಕಪುರಕ್ಕೆ ಆಗಿನ ಹೆಸರು ಕಾನಕಾನಹಳ್ಳಿ.) ಇಂಡಿಯಾದೇಶಕ್ಕೆ ಬೇಕಾದ ಸೀಮೆಎಣ್ಣೆಯಲ್ಲಿ ದೊಡ್ಡ ಪಾಲು ಬರ್ಮಾದಿಂದ ಬರುತ್ತಿದ್ದಿತು. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ಏಪ್ರಿಲಿನಲ್ಲಿ ಹಿಂದೆ ಸರಿಯುತ್ತಿದ್ದ ಬ್ರಿಟಿಷರು ಯೆನಾಂಗ್ಯಾಂಗಿನ ಎಣ್ಣೆಬಾವಿಗಳನ್ನು ಶತ್ರುವಿಗೆ ದಕ್ಕಬಾರದೆಂದು ತಾವೇ ಹಾಳುಮಾಡಿದರು. ಆ ಊರಿನ ಹೆಸರನ್ನು ನಾಲಗೆ ಹೊರಳಿಸಿ ಹೇಳಬಲ್ಲವರು ನಮ್ಮ ಪೇಟೆಯಲ್ಲಿ ಒಬ್ಬರೂ ಇದ್ದಿರಲಾರರು. ಅಲ್ಲಿ ಹೊತ್ತಿಕೊಂಡ ಬೆಂಕಿಯಿಂದ ಇಲ್ಲಿಯ ಲಾಂದ್ರಗಳು ಆರಿದವು.

ಪೆಟ್ರೋಲಿನ ಪಾಡೂ ಅದೇ. 1941ರಲ್ಲಿ ಪೆಟ್ರೋಲಿಗೆ ರೇಷನ್ ಬಂದಿತು. ಬಸ್ಸುಗಳ ಹಿಂಭಾಗಕ್ಕೆ ಇದ್ದಿಲಿನ ಒಲೆಗಳು ಬಂದವು. ಕನಕಪುರಕ್ಕೆ ಆಗ ರೈಲು ಇರಲಿಲ್ಲ, ಇಂದಿಗೂ ಬಂದಿಲ್ಲ. ಆದುದರಿಂದ ಬಸ್ಸು ನಿಂತರೆ ಊರೇ ನಿಂತಂತೆ. ಹೊರಡುವುದಕ್ಕೆ ಅರ್ಧ ಗಂಟೆ ಮೊದಲೇ ಒಲೆಗೆ ಇದ್ದಿಲು ತುಂಬಿ, ತಿದಿಯ ಚಕ್ರವನ್ನು ತಿರುಗಿಸಿ, ಅನಿಲವೆದ್ದ ಮೇಲೆ ಗಾಡಿ ಹೊರಡುತ್ತಿದ್ದಿತಂತೆ. ಏರು ಬಂದರೆ ಪ್ರಯಾಣಿಕರು ಇಳಿದು ನೂಕುತ್ತಿದ್ದರಂತೆ. ನಮ್ಮ ಹಿರಿಯರು ಇದನ್ನು ನಗೆಯ ಕತೆಯಾಗಿ ಹೇಳುತ್ತಿದ್ದರು. ಕತೆಯಲ್ಲಿ ಇನ್ನೊಂದು ಮಾತೂ ಇದೆ. ಬಸ್ಸಿಗೆ ಇದ್ದಿಲು ಬೇಕಾದಾಗ ಅದು ಕಾಡಿನ ಮರದಿಂದಲೇ ಬರಬೇಕು. ಕಾಡಿನ ಮರವೋ ಅದುವರೆಗೆ ಬಡವರ ಒಲೆಯ ಪಾಲು. ಮೇಲಿನವರ ಇಂಧನ ಬತ್ತಿದಾಗ ಅವರು ಕೆಳಗಿನವರ ಇಂಧನಕ್ಕೆ ಕೈ ಹಾಕುತ್ತಾರೆ. ಕೆಳಗಿನವರು ಕೈ ಹಾಕುವುದಕ್ಕೆ ಅವರಿಗಿಂತ ಕೆಳಗೆ ಏನೂ ಉಳಿದಿರುವುದಿಲ್ಲ.

ಕತ್ತಲೆಯ ಈ ಕಾಲದಲ್ಲಿ ಊರಿನ ಮೇಲೆ ವಿದ್ಯುತ್ತು ಹರಿಯುತ್ತಿರಲಿಲ್ಲವೆ ಎಂದು ವಾಚಕರು ಕೇಳಬಹುದು. ಹರಿಯುತ್ತಿದ್ದಿತು, ಅದೂ ನಲವತ್ತು ವರ್ಷಗಳಿಂದ! ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹೋದದ್ದು ಕಾನಕಾನಹಳ್ಳಿಯ ದಾರಿಯಾಗಿಯೇ. 92 ಮೈಲಿಗಳ ಆ ತಂತಿ ಆಗಿನ ಕಾಲಕ್ಕೆ ಜಗತ್ತೇ ಬೆರಗಾಗುವಷ್ಟು ಉದ್ದವಾಗಿದ್ದಿತು. ಬೆಂಗಳೂರಿನ ಬೀದಿಗಳಿಗೆ 1905ರಲ್ಲಿ ದೀಪ ಬಂದಿತು. ತಂತಿಯ ಕೆಳಗೆ ರಾಗಿ ಕೊಯ್ಯುತ್ತಿದ್ದವನು ಮಾತ್ರ ಮನೆಗೆ ಬಂದು ಸೀಮೆಎಣ್ಣೆಯ ಬುಡ್ಡಿಯನ್ನೇ ಹೊತ್ತಿಸಿದನು. ನಮ್ಮ ತಲೆಯ ಮೇಲೆ ಹಾದುಹೋಗುವುದೆಲ್ಲ ನಮ್ಮದಾಗದು. ನಾಡಿನಲ್ಲಿ ಎಷ್ಟು ಇಂಧನವಿದೆ ಎಂಬುದು ಒಂದು ಪ್ರಶ್ನೆ. ಅದು ಯಾರ ಪಾತ್ರೆಗೆ ಬೀಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಹೇಳಿ ಎರಡನೆಯದಕ್ಕೂ ಹೇಳಿದೆವೆಂದು ಭಾವಿಸುವುದು ಆಡಳಿತಗಾರರ ಹಳೆಯ ಅಭ್ಯಾಸ.

ಈ ಎರಡನೆಯ ಪ್ರಶ್ನೆಯನ್ನು ನಾನು ಕಣ್ಣಾರೆ ಕಂಡದ್ದು 1973ರ ಚಳಿಗಾಲದಲ್ಲಿ. ಆ ವರ್ಷದ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಗಿದ್ದಿತು. ಅದಕ್ಕೆ ಕೆಲವೇ ವಾರ ಮೊದಲು ಪಶ್ಚಿಮ ಏಷ್ಯದಲ್ಲಿ ಯುದ್ಧವಾಗಿ, ಅರಬ್ ದೇಶಗಳು ಎಣ್ಣೆಯ ಸರಬರಾಜನ್ನು ಬಿಗಿಹಿಡಿದಿದ್ದವು. ಅಕ್ಟೋಬರಿನ ಮೊದಲಲ್ಲಿ ಪೀಪಾಯಿಗೆ 3 ಡಾಲರಿನಷ್ಟಿದ್ದ ಕಚ್ಚಾ ಎಣ್ಣೆಯ ಬೆಲೆ 1974ರ ಜನವರಿಯ ಹೊತ್ತಿಗೆ 11 ಡಾಲರನ್ನು ದಾಟಿತು. ಪೆಟ್ರೋಲಿನ ಬೆಲೆಯೇರಿಕೆಯನ್ನು ಪ್ರತಿಭಟಿಸಿ ಅಟಲ ಬಿಹಾರಿ ವಾಜಪೇಯಿಯವರು ನವೆಂಬರಿನಲ್ಲಿ ಎತ್ತಿನ ಗಾಡಿಯಲ್ಲಿ ಪಾರ್ಲಿಮೆಂಟಿಗೆ ಹೋದರೆಂಬ ಸುದ್ದಿ ಬಂದಿತು. ಎತ್ತಿನ ಗಾಡಿಯಲ್ಲಿಯೇ ಸಂತೆಗೆ ಹೋಗುತ್ತಿದ್ದ ನಮ್ಮವರಿಗೆ ಅದರಲ್ಲಿ ಸುದ್ದಿಯೇನಿದೆ ಎಂಬುದು ತಿಳಿಯಲಿಲ್ಲ. ಅವರಿಗೆ ತಟ್ಟಿದ್ದು ಪೆಟ್ರೋಲಲ್ಲ, ಸೀಮೆಎಣ್ಣೆ.

ನಾನು ಆಗ ಶಾಲೆಯ ಹುಡುಗ. ನಮ್ಮದು ಎರಡು ಸೀಸೆಯ ಮನೆ. ಕುತ್ತಿಗೆಗೆ ಹುರಿ ಕಟ್ಟಿದ ಎರಡು ಸೀಸೆಗಳನ್ನು ತೂಗಾಡಿಸಿಕೊಂಡು ಅಂಗಡಿಯ ಸಾಲಿನಲ್ಲಿ ನಿಲ್ಲುವುದು ನನ್ನ ಕೆಲಸವಾಗಿದ್ದಿತು. ಸಾಲಿನಲ್ಲಿ ಮೂರು ಬಗೆಯ ಜನರಿದ್ದರು. ನಾಲ್ಕು ಗ್ಯಾಲನ್ ಹಿಡಿಸುವ ತಗಡಿನ ಡಬ್ಬವನ್ನು ಆಳಿನ ಕೈಯಲ್ಲಿ ಕಳುಹಿಸಿದವರು ಕೆಲವರು. ನಮ್ಮಂತೆ ಒಂದೆರಡು ಸೀಸೆಯವರು ಹಲವರು. ಅರ್ಧ ಸೀಸೆಯನ್ನು ಮಾತ್ರ ಕೊಳ್ಳುವಷ್ಟು ಕಾಸನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದವರು ಇನ್ನೂ ಹಲವರು. ನಮ್ಮ ಬೀದಿಯ ಕೊನೆಯಲ್ಲಿ ಚರಕದ ಮೇಲೆ ರೇಷ್ಮೆಗೂಡು ಬಿಚ್ಚುತ್ತಿದ್ದ ಒಬ್ಬ ಅಜ್ಜಿ ಈ ಮೂರನೆಯ ಗುಂಪಿಗೆ ಸೇರಿದವರು. ಒಂದು ಸಂಜೆ ಅವರ ಸರದಿ ಬರುವ ಹೊತ್ತಿಗೆ ಎಣ್ಣೆ ಮುಗಿಯಿತು. ಅಂಗಡಿಯವನು ಒರಟನೇನಲ್ಲ. “ನಾಳೆ ಬಾರಜ್ಜಿ” ಎಂದನು. ಅಜ್ಜಿ, “ನಾಳೆ ಬತ್ತೀನಿ ಕಣಪ್ಪ, ಇವತ್ತಿನ ಕತ್ಲೆಗೆ ಏನ್ ಮಾಡ್ಲಿ?” ಎಂದರು. ಅವನಲ್ಲಿ ಉತ್ತರವಿರಲಿಲ್ಲ. ಮರುದಿನ ಅವರು ಬೆಳಗಿನಿಂದಲೇ ಬಂದು ನಿಂತರು. ಎಣ್ಣೆ ಸಿಕ್ಕಿತು, ಆದರೆ ಅರ್ಧ ದಿನದ ಚರಕ ನಿಂತಿತು. ಎಣ್ಣೆಯ ಬೆಲೆಯಲ್ಲಿ ಆ ಅರ್ಧ ದಿನದ ಕೂಲಿಯನ್ನು ಯಾವ ಸರ್ಕಾರವೂ ಸೇರಿಸಿ ಲೆಕ್ಕ ಹಾಕಿಲ್ಲ.

ಇಂಥ ಹೊತ್ತಿನಲ್ಲಿ “ಎಣ್ಣೆ ಇಲ್ಲ” ಎಂಬ ಮಾತು ನಿಜವಾಗುವ ಬಗೆ ವಿಚಿತ್ರವಾದದ್ದು. ಒಂದು ಸಣ್ಣ ಲೆಕ್ಕ ಮಾಡೋಣ. ನೂರು ಮನೆಗಳ ಒಂದು ಬೀದಿ. ಪ್ರತಿಯೊಂದು ಮನೆಗೂ ಎರಡು ದಿನಕ್ಕೆ ಒಂದು ಸೀಸೆ ಎಣ್ಣೆ ಬೇಕು. ಅಲ್ಲಿಗೆ ವಾರಕ್ಕೆ 350 ಸೀಸೆ. ಅಂಗಡಿಗೆ ವಾರವಾರವೂ ಬರುವುದು ಅಷ್ಟೇ ಎಣ್ಣೆ, ಕೊರತೆಯೇ ಇಲ್ಲ. ಒಂದು ದಿನ ಯಾರೋ ಬಂದು, ಬರುವ ವಾರ ಎಣ್ಣೆ ಬರುವುದಿಲ್ಲವಂತೆ ಎಂದು ಪಿಸುಗುಟ್ಟುತ್ತಾರೆ. ಡಬ್ಬವುಳ್ಳ ಐವತ್ತು ಮನೆಯವರು, ಇರಲಿ ಎಂದು ಏಳೇಳು ಸೀಸೆ ತುಂಬಿಸಿಕೊಂಡು ಹೋಗುತ್ತಾರೆ. ಐವತ್ತೇಳಲಿ 350. ಒಂದೇ ಮಧ್ಯಾಹ್ನದಲ್ಲಿ ಅಂಗಡಿ ಬರಿದು! ಉಳಿದ ಐವತ್ತು ಮನೆಗಳಲ್ಲಿ ಕತ್ತಲೆ. ಊರಿನಲ್ಲಿ ಯಾರೂ ಒಂದು ಹನಿಯನ್ನು ಹೆಚ್ಚಾಗಿ ಉರಿಸಿಲ್ಲ. ಎಣ್ಣೆಯೆಲ್ಲ ಊರಿನಲ್ಲಿಯೇ ಇದೆ. ಪಿಸುಮಾತು ಸುಳ್ಳಾಗಿದ್ದಿತು, ಸಂಜೆಯ ಹೊತ್ತಿಗೆ ಅದು ನಿಜವಾಗಿದೆ.

ಡಬ್ಬದವರು ದುಷ್ಟರೆಂದು ನಾನು ಹೇಳಲಾರೆ. ಗಾಳಿ ಬಂದಾಗ ತೂರಿಕೋ ಎಂದು ಗಾದೆಯೇ ಇದೆ. ಮಕ್ಕಳಿರುವ ಮನೆಯಲ್ಲಿ ನಾಲ್ಕು ದಿನಕ್ಕೆ ಇಟ್ಟುಕೊಳ್ಳುವುದು ವಿವೇಕವೇ. ಒಬ್ಬೊಬ್ಬರ ವಿವೇಕವೂ ಕೂಡಿ ಎಲ್ಲರ ಅವಿವೇಕವಾಗುವುದು ಇಲ್ಲಿಯ ಸೋಜಿಗ. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಬೇರೆ. ಬಚ್ಚಿಟ್ಟು ಇಮ್ಮಡಿ ಬೆಲೆಗೆ ಮಾರುವ ಅವರಿಗೆ ಕಾನೂನು ಉಂಟು. ಹೆದರಿ ತುಂಬಿಸಿಕೊಳ್ಳುವವರಿಗೆ ಕಾನೂನು ಸಲ್ಲದು. ಅವರಿಗೆ ಬೇಕಾದದ್ದು ನಂಬಿಕೆ. ತುಂಬಿಸಿಕೊಳ್ಳುವುದಕ್ಕೆ ಪಾತ್ರೆಯೇ ಇಲ್ಲದವರಿಗೆ ನಂಬಿಕೆಯ ಜೊತೆಗೆ ರಕ್ಷಣೆಯೂ ಬೇಕು.

ಇದು ಬಡ ದೇಶದ ಬಡ ಊರಿನ ಕತೆ ಎಂದು ಯಾರೂ ತಿಳಿಯಬೇಕಾಗಿಲ್ಲ. ನಮಗೆ ಉಗಿಯಂತ್ರವನ್ನೂ ಕಲ್ಲಿದ್ದಲನ್ನೂ ತೋರಿಸಿಕೊಟ್ಟ ಬ್ರಿಟನ್ನಿನಲ್ಲಿಯೇ 2021ರ ಸೆಪ್ಟೆಂಬರಿನಲ್ಲಿ ಇದೇ ನಾಟಕ ನಡೆಯಿತು. ಅಲ್ಲಿಯ ಶುದ್ಧೀಕರಣಾಗಾರಗಳಲ್ಲಿ ಪೆಟ್ರೋಲು ಬೇಕಾದಷ್ಟು ಇದ್ದಿತು. ಕಡಮೆಯಾಗಿದ್ದವರು ಟ್ಯಾಂಕರುಗಳನ್ನು ನಡೆಸುವ ಚಾಲಕರು. ಕೆಲವು ಬಂಕುಗಳು ಮುಚ್ಚಿವೆ ಎಂಬ ಸುದ್ದಿ ಹೊರಬಿದ್ದಿತು. “ಗಾಬರಿಯಿಂದ ಕೊಳ್ಳಬೇಡಿ” ಎಂದು ಮಂತ್ರಿಗಳು ಹೇಳಿದರು. ಮಂತ್ರಿಗಳೇ ಹೀಗೆನ್ನಬೇಕಾದರೆ ಗಾಬರಿಪಡುವಂಥದ್ದು ಏನೋ ಇದೆ ಎಂದು ಜನ ತಿಳಿದರು. ಅರ್ಧ ತುಂಬಿದ ಕಾರುಗಳೆಲ್ಲ ಬಂಕಿನ ಸಾಲಿಗೆ ಬಂದವು, ಎರಡು ಮೂರು ದಿನಗಳಲ್ಲಿ ದೇಶದ ಹಲವು ಭಾಗಗಳ ಬಂಕುಗಳು ಬರಿದಾದವು. ಆಗ ಕಷ್ಟಪಟ್ಟವರು ಯಾರು? ರಾತ್ರಿಪಾಳಿ ಮುಗಿಸಿ ಬಂದ ದಾದಿಯರು, ರೋಗಿಗಳ ಮನೆಗೆ ಹೋಗಬೇಕಾದವರು. ಆರೋಗ್ಯದ ಕೆಲಸದವರಿಗೆ ಮೊದಲು ಪೆಟ್ರೋಲು ಕೊಡಿ ಎಂದು ಬ್ರಿಟಿಷ್ ವೈದ್ಯಕೀಯ ಸಂಘವು ಬೇಡಿಕೊಳ್ಳಬೇಕಾಯಿತು. ಅಕ್ಟೋಬರ್ 4ರಿಂದ ಸೈನಿಕರು ಟ್ಯಾಂಕರು ನಡೆಸಿದರು. ಸಾಲಿಗೆ ಮೊದಲು ಬರಲಾರದವನಿಗೆ ಅಲ್ಲಿಯೂ ಸಿಕ್ಕಿದ ಉತ್ತರ “ನಾಳೆ ಬಾ” ಎಂಬುದೇ.

ಮುಂದಿನ ವರ್ಷ ಅಲ್ಲಿ ಕೊರತೆಗಿಂತ ಬೆಲೆಯ ಕಾಟ ಹೆಚ್ಚಾಯಿತು. 2022ರ ಫೆಬ್ರುವರಿಯಲ್ಲಿ ರಷ್ಯವು ಯುಕ್ರೇನಿನ ಮೇಲೆ ದಂಡೆತ್ತಿ ಹೋದ ಮೇಲೆ ಅನಿಲದ ಬೆಲೆ ಗಗನಕ್ಕೇರಿತು. 2021ರ ಅಕ್ಟೋಬರಿನಲ್ಲಿ ಒಂದು ಸಾಮಾನ್ಯ ಸಂಸಾರದ ವರ್ಷದ ಇಂಧನದ ಬಿಲ್ಲಿಗೆ ನಿಯಂತ್ರಕರು ಕಟ್ಟಿದ್ದ ಮಿತಿ 1,277 ಪೌಂಡು. ಒಂದೇ ವರ್ಷದಲ್ಲಿ ಆ ಮಿತಿ 3,549 ಪೌಂಡಿಗೆ ಏರಿತು. ಸರ್ಕಾರವು ಬೊಕ್ಕಸದಿಂದ ಹಣ ಕೊಟ್ಟು ಬಿಲ್ಲನ್ನು 2,500 ಪೌಂಡಿನ ಆಸುಪಾಸಿನಲ್ಲಿ ಹಿಡಿದು ನಿಲ್ಲಿಸಿತು. ಆ ದೇಶದಲ್ಲಿ ತಿಂಗಳ ಬಿಲ್ಲು ಕಟ್ಟಲಾರದ ಮನೆಗಳಿಗೆ ಮುಂಗಡ ಹಣದ ಮೀಟರು ಇಡುವ ಪದ್ಧತಿ ಉಂಟು: ಮೊದಲು ಹಣ ಹಾಕಬೇಕು, ಆಮೇಲೆ ಉರಿ. ಹಣ ತೀರಿದರೆ ಉರಿ ಆರುತ್ತದೆ. ಬ್ಯಾಂಕಿನ ಮೂಲಕ ಕಟ್ಟುವ ಸ್ಥಿತಿವಂತರಿಗಿಂತ ಈ ಮನೆಗಳವರಿಗೆ ದರವೂ ಹೆಚ್ಚಾಗಿದ್ದಿತು. ಆ ಹೆಚ್ಚಳವನ್ನು ತೆಗೆದದ್ದು 2023ರ ಜುಲೈಯಲ್ಲಿ. ಇದನ್ನು ಓದಿದಾಗ ನನಗೆ ನಮ್ಮ ಪೇಟೆಯ ಚಿಲ್ಲರೆ ಅಂಗಡಿ ಕಣ್ಣಿಗೆ ಕಟ್ಟಿತು. ಡಬ್ಬ ಕೊಳ್ಳುವವನಿಗೆ ಒಂದು ಬೆಲೆ, ಅದನ್ನೇ ಅರ್ಧ ಸೀಸೆ ಕೊಳ್ಳುವವನಿಗೆ ಹೆಚ್ಚು ಬೆಲೆ. ಬಡವನು ಕೊಳ್ಳುವುದು ಕಡಮೆ; ತೆರುವುದು ಹೆಚ್ಚು. ಈ ಲೆಕ್ಕ ಥೇಮ್ಸಿನ ದಡದಲ್ಲಿಯೂ ಅರ್ಕಾವತಿಯ ದಡದಲ್ಲಿಯೂ ಒಂದೇ.

ಇಂದಿನ ಕನಕಪುರದಲ್ಲಿ ಈ ಲೆಕ್ಕವನ್ನು ಕಾಣಬೇಕಾದರೆ ರೇಷ್ಮೆ ಬಿಚ್ಚುವವರ ಮನೆಗೆ ಹೋಗಬೇಕು. ಗೂಡಿನ ಎಳೆಗಳನ್ನು ಅಂಟಿಸಿರುವ ಗೋಂದು ಕುದಿಯುವ ನೀರಿನಲ್ಲಿ ಮೆತ್ತಗಾದ ಹೊರತು ನೂಲು ಬಿಚ್ಚಿಕೊಳ್ಳದು. ಆದುದರಿಂದ ಬೆಳಗಿನಿಂದ ಸಂಜೆಯವರೆಗೆ ಒಲೆ ಉರಿಯುತ್ತಲೇ ಇರಬೇಕು. ಗೂಡಿಗೂ ತಾಳ್ಮೆಯಿಲ್ಲ, ಕೆಲವು ದಿನ ಬಿಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ, ಎಳೆ ಕಡಿದುಹೋಗುತ್ತದೆ. ಬೆಳೆದ ರೈತನು ಕಾಯಲಾರ. ಮಾರುಕಟ್ಟೆಯ ಹರಾಜಿನಲ್ಲಿ ಬಂದ ಬೆಲೆಗೆ ಕೊಟ್ಟು ಹೋಗುತ್ತಾನೆ. ಕೊಂಡ ಸಣ್ಣ ರೀಲರನೂ ಕಾಯಲಾರ. ಇಂದು ಬಿಚ್ಚಿದ ನೂಲನ್ನು ಮಾರಿದರೆ ತಾನೆ ನಾಳೆಯ ಗೂಡಿಗೆ ಹಣ. ಒಂದು ಕಿಲೊ ನೂಲಿಗೆ ಸುಮಾರು ಏಳು ಕಿಲೊ ಗೂಡು ಬೇಕು. ಗೂಡಿನ ಬೆಲೆ ಹರಾಜಿನದು, ನೂಲಿನ ಬೆಲೆ ದೂರದ ಪೇಟೆಗಳದು. ಇವೆರಡರ ನಡುವೆ ಅವನ ಕೈಯಲ್ಲಿರುವುದು ಸೌದೆಯ ಖರ್ಚೊಂದೇ. ಸೌದೆಯ ಬೆಲೆ ಏರಿದರೆ ಅದನ್ನು ನೂಲಿನ ಮೇಲೆ ಹೊರಿಸುವಂತಿಲ್ಲ. ಅದು ಅವನ ಮನೆಯ ಅನ್ನದಿಂದಲೇ ಕಳೆಯಬೇಕು. “ಸ್ವಾಮಿ, ಈ ಒಲೆ ಉರೀದೆ ಗೂಡು ಬಿಚ್ಚಲ್ಲ, ಗೂಡು ಬಿಚ್ಚದೆ ಮನೆ ಒಲೆ ಉರಿಯಲ್ಲ” ಎಂದು ಒಬ್ಬ ರೀಲರು ನನಗೆ ಹೇಳಿದರು. ಅರ್ಥಶಾಸ್ತ್ರದ ಒಂದು ಅಧ್ಯಾಯ ಈ ಒಂದು ಮಾತಿನಲ್ಲಿ ಅಡಗಿದೆ ಎಂದು ನನಗೆ ತೋರಿತು.

ಕಾಲ ಬದಲಾಗಿಲ್ಲವೆಂದಲ್ಲ. ಸೀಮೆಎಣ್ಣೆಯ ಸಾಲು ಹೋಯಿತು. ಒಲೆಯ ಮುಂದೆ ಊದುಗೊಳವೆ ಹಿಡಿದು ಕಣ್ಣೀರು ಹಾಕುತ್ತಿದ್ದ ಎಷ್ಟೋ ಹೆಂಗಸರ ಮನೆಗೆ ಅನಿಲ ಬಂದಿತು. ಅದರಿಂದಾದ ಉಪಕಾರವನ್ನು ಅಲ್ಲಗಳೆಯುವವನು ಹೊಗೆಯನ್ನು ಕುಡಿದವನಲ್ಲ. ಆದರೆ ಸೀಸೆ ಹೋಗಿ ಸಿಲಿಂಡರು ಬಂದರೂ ಭೇದ ಹೋಗಲಿಲ್ಲ. ಎರಡು ಸಿಲಿಂಡರಿನ ಮನೆ ಇದೆ, ಒಂದೇ ಸಿಲಿಂಡರಿನ ಮನೆ ಇದೆ. ಒಂದು ತೀರಿದರೆ ಇನ್ನೊಂದನ್ನು ಜೋಡಿಸಿಕೊಂಡು ನಿಶ್ಚಿಂತೆಯಿಂದ ಬರೆಸುವವರು ಮೊದಲನೆಯವರು. ತೀರಿದ ದಿನವೇ ಮತ್ತೆ ಸೌದೆಗೆ ಹೊರಡುವವರು ಎರಡನೆಯವರು. 2023ರ ಮಾರ್ಚಿಯಲ್ಲಿ 14.2 ಕಿಲೊ ಸಿಲಿಂಡರಿನ ಬೆಲೆ 1,100 ರೂಪಾಯಿಯನ್ನು ದಾಟಿದ್ದಾಗ, ಖಾಲಿ ಸಿಲಿಂಡರನ್ನು ಮೂಲೆಯಲ್ಲಿ ನಿಲ್ಲಿಸಿ ಅದರ ಪಕ್ಕದಲ್ಲಿಯೇ ಮೂರು ಕಲ್ಲಿನ ಒಲೆ ಹೂಡಿದ್ದ ಮನೆಗಳನ್ನು ನಾನು ಕಂಡಿದ್ದೇನೆ. ಅದೇ ವರ್ಷ ಮಳೆ ಹೋಗಿ, ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆನಿಸಿ, ಅಕ್ಟೋಬರಿನಲ್ಲಿ ಪಂಪುಸೆಟ್ಟುಗಳಿಗೆ ದಿನಕ್ಕೆ 7 ಗಂಟೆ ಕೊಡಬೇಕಾದ ಮೂರು ಫೇಸಿನ ವಿದ್ಯುತ್ತು 5 ಗಂಟೆಗೆ ಇಳಿಯಿತು. ಡೀಸೆಲ್ ಜನರೇಟರು ಉಳ್ಳವನ ಹಿಪ್ಪುನೇರಳೆ ಹಸಿರಾಗಿ ಉಳಿಯಿತು. ಇಲ್ಲದವನ ತೋಟ ಬಾಡಿತು. ತೋಟದೊಂದಿಗೆ ಹುಳುವಿನ ಮೇವೂ ಹೋಯಿತು.

ಹಾಗಾದರೆ ಉಪಾಯವೇನು? ಹಳೆಯ ಉಪಾಯವೊಂದಿದೆ, ಅದನ್ನು ಈಗ ಹಳಿಯುವುದು ವಾಡಿಕೆಯಾಗಿದೆ. ಅದೇ ರೇಷನ್ ಚೀಟಿ. ಅದರ ಹೆಸರಿನಲ್ಲಿ ಕಳ್ಳತನ ನಡೆಯಿತು, ನಿಜ. ಬಡವರ ಎಣ್ಣೆ ಲಾರಿಯ ಹೊಟ್ಟೆ ಸೇರಬಾರದೆಂದು ಅದಕ್ಕೆ ನೀಲಿ ಬಣ್ಣ ಬೆರೆಸಬೇಕಾಯಿತು. ಬಣ್ಣ ಬೆರೆಸಿದರೂ ಸೋರಿಕೆ ನಿಲ್ಲಲಿಲ್ಲ. ಆದರೂ ಆ ಚೀಟಿಯಲ್ಲಿ ಒಂದು ಧರ್ಮವಿದ್ದಿತು: ಡಬ್ಬ ತಂದವನಿಗೂ ಸೀಸೆ ತಂದವನಿಗೂ ಅಳತೆ ಒಂದೇ, ಬೆಲೆ ಒಂದೇ, ಮತ್ತು ತಡವಾಗಿ ಬಂದವನ ಪಾಲು ಅವನಿಗಾಗಿ ಕಾದಿರಬೇಕು. ತನ್ನ ಪಾಲು ತನಗಿದೆ ಎಂದು ತಿಳಿದವನು ಓಡಿ ಬರುವುದಿಲ್ಲ. ಬ್ರಿಟನ್ನಿನವರೂ ಇದನ್ನು ಬಲ್ಲರು. 1939ರಿಂದ 1950ರವರೆಗೆ, ಮತ್ತೆ ಸೂಯೆಜ್ ಕಾಲುವೆ ಮುಚ್ಚಿದ 1956–57ರಲ್ಲಿ ಅವರು ಪೆಟ್ರೋಲಿಗೆ ಚೀಟಿ ಇಟ್ಟಿದ್ದರು. 1973ರಲ್ಲಿಯೂ ಚೀಟಿಗಳನ್ನು ಹಂಚಿದರು. ಬಳಸುವ ಪ್ರಸಂಗ ಬರಲಿಲ್ಲ.

ಇನ್ನೊಂದು ಉಪಾಯ ಒಲೆಯಲ್ಲಿಯೇ ಇದೆ. ನಮ್ಮ ಮಾಗಡಿಗೆ ನೆರೆಯ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಮಂದಿರದ ಅಮೂಲ್ಯ ರೆಡ್ಡಿಯವರೂ ಅವರ ಸಂಗಡಿಗರೂ 1970ರ ದಶಕದಲ್ಲಿ ಮನೆಮನೆಗೆ ಹೋಗಿ, ಯಾವ ಕೆಲಸಕ್ಕೆ ಎಷ್ಟು ಇಂಧನ ಬೇಕೆಂದು ಅಳೆದರು. ಹಳ್ಳಿಯ ಇಂಧನವೆಂದರೆ ಬಹುಮಟ್ಟಿಗೆ ಸೌದೆ. ಅದನ್ನು ಹೊತ್ತು ತರುವವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಅಡುಗೆಮನೆಯವರಿಗೆ ಗೊತ್ತೇ ಇದ್ದ ಈ ಮಾತು ಆಗ ವಿದ್ವಾಂಸರ ಲೆಕ್ಕಕ್ಕೂ ಬಂದಿತು. 1974ರಲ್ಲಿ ಆರಂಭವಾದ ಅವರ ‘ಅಸ್ತ್ರ’ ಕೇಂದ್ರದಿಂದಲೇ ಅಸ್ತ್ರ ಒಲೆ ಬಂದದ್ದು. 1990ರ ದಶಕದಲ್ಲಿ ಟೆರಿ ಸಂಸ್ಥೆಯವರು ಕರ್ನಾಟಕದ ರೇಷ್ಮೆ ಬಿಚ್ಚುವ ಒಲೆಗಳಿಗೆ ಅನಿಲೀಕರಣದ ಯಂತ್ರವನ್ನು ಹೊಂದಿಸಿ ನೋಡಿದರು. ಸೌದೆಯನ್ನು ನೇರವಾಗಿ ಉರಿಸದೆ ಅನಿಲವಾಗಿಸಿ ಉರಿಸುವ ಉಪಾಯ ಅದು. ಯುದ್ಧಕಾಲದ ಇದ್ದಿಲು ಬಸ್ಸಿನ ತತ್ತ್ವವೇ. ನಗೆಯ ಕತೆಯಾಗಿದ್ದ ಆ ಒಲೆಯಲ್ಲಿ ಇಷ್ಟು ವಿವೇಕ ಅಡಗಿದ್ದಿತು!

ಸೌದೆ ಉಳಿಸುವ ಒಲೆಯನ್ನು ನಾವು ಸಾಮಾನ್ಯವಾಗಿ ಮಿತವ್ಯಯದ ಪಾಠವಾಗಿ ಬೋಧಿಸುತ್ತೇವೆ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದು ಹಾಸಿಗೆಯೇ ಇಲ್ಲದವನಿಗೆ ಹೇಳುವ ಪಾಠ ಅದು. ನನಗೆ ಅದು ಬೇರೆ ರೀತಿಯಾಗಿ ಕಾಣುತ್ತದೆ. ಎರಡು ದಿನದ ಸೌದೆಯಲ್ಲಿ ಮೂರು ದಿನ ಉರಿಯುವ ಒಲೆಯು ಸಣ್ಣ ರೀಲರನಿಗೆ ಒಂದು ದಿನ ಕಾಯುವ ಶಕ್ತಿಯನ್ನು ಕೊಡುತ್ತದೆ. ಕಾಯಬಲ್ಲವನು ಅಂಗಡಿಯ ಮುಂದೆ ಓಡುವುದಿಲ್ಲ. ಹೇಳಿದ ಬೆಲೆಗೆ ಕೈಯೊಡ್ಡುವುದಿಲ್ಲ. ಡಬ್ಬವಿಲ್ಲದವನ ಡಬ್ಬ ಅದು.

ಇಂಧನದ ಕೊರತೆ ಮತ್ತೆ ಬರುವುದಿಲ್ಲವೆಂದು ಯಾರೂ ಭರವಸೆ ಕೊಡಲಾರರು. ದೂರದ ಸಮುದ್ರದಲ್ಲಿ ಯುದ್ಧವಾಗಬಹುದು, ಹತ್ತಿರದ ಆಕಾಶದಲ್ಲಿ ಮೋಡ ತಪ್ಪಬಹುದು. ಆಗ ಅಧಿಕಾರಿಗಳು ನಾಡಿನ ಉಗ್ರಾಣದಲ್ಲಿ ಎಷ್ಟು ದಿನಕ್ಕೆ ಸಂಗ್ರಹವಿದೆಯೆಂದು ಪ್ರಕಟಿಸುತ್ತಾರೆ. ಪ್ರಕಟಿಸಲಿ. ಅದರ ಜೊತೆಗೆ, ಒಂದೇ ಸಿಲಿಂಡರಿನ ಮನೆಗಳಿಗೂ ದಿನದಿನವೂ ಸೌದೆ ಕೊಳ್ಳುವ ಒಲೆಗಳಿಗೂ ಮೊದಲ ಪಾಲನ್ನು ಎತ್ತಿಟ್ಟಿದ್ದೇವೆ ಎಂಬ ಇನ್ನೊಂದು ಸಾಲನ್ನೂ ಸೇರಿಸಿದರೆ, ಅಂಗಡಿಯ ಮುಂದಿನ ಸಾಲು ಅರ್ಧಕ್ಕೆ ಇಳಿದೀತು. ಕನಕಪುರದ ಗೂಡಿನ ಮಾರುಕಟ್ಟೆಯಿಂದ ಸೈಕಲ್ಲಿನ ಮೇಲೆ ಗೂಡಿನ ಮೂಟೆ ಹೇರಿಕೊಂಡು ಮನೆಗೆ ಹೋಗುವ ಸಣ್ಣ ರೀಲರನಿಗೆ ಜಗತ್ತಿನ ಎಣ್ಣೆಯ ದಾಸ್ತಾನಿನ ಲೆಕ್ಕ ಬೇಡ. ನೀರು ಕಾಯುವಷ್ಟು ಸೌದೆ ನಾಳೆಯೂ ಇದೇ ಬೆಲೆಗೆ ಸಿಕ್ಕುವುದೆ ಎಂಬುದು ತಿಳಿದರೆ ಸಾಕು, ಅವನು ಇಂದು ರಾತ್ರಿ ನಿದ್ದೆ ಮಾಡುತ್ತಾನೆ.